ಹಿನ್ನೀರಿನ ಲಾಡ್ಜಿಗೆ ಹಕ್ಕಿ ಎಣಿಸಲು ಹೋಗುವವರಿಗೆ

ಸಂಕ್ರಾಂತಿ ಕಳೆದರೆ ಸಾಕು, ಯಾರಾದರೂ ಒಬ್ಬರು ಫೋನ್ ಮಾಡುತ್ತಾರೆ. "ನಂಗೂ ಕಾಡಲ್ಲಿ ಒಂದಷ್ಟು ದಿನ ಇದ್ದು ಪ್ರಾಣಿ ಪಕ್ಷಿಗಳಿಗೆ ಏನಾದ್ರೂ ಮಾಡ್ಬೇಕು ಅನ್ಸಿದೆ, ಹೇಗೆ ಹೋಗೋದು ಹೇಳಿ" ಅಂತ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಕಳಿಸಿಬಿಡಬಹುದು ಅಲ್ವಾ ಅಂತ ಕೂತಿದ್ದೇನೆ.

ನಾನು ಜಾಸ್ತಿ ಹೋಗುವುದು ಭದ್ರಾ ಹಿನ್ನೀರಿನ ಕಡೆ. ಶಿವಮೊಗ್ಗದಿಂದ ಹೊರಟು ಶಂಕರಘಟ್ಟ, ಬಿಆರ್‌ಪಿ (ಭದ್ರಾ ಅಣೆಕಟ್ಟಿನ ಊರು) ದಾಟಿದರೆ ಲಕ್ಕವಳ್ಳಿ. ಅಲ್ಲಿಂದ ಇನ್ನೂ ಒಳಗೆ ನೀರಿನ ದಂಡೆಯಲ್ಲಿ ಒಂದು ಸಣ್ಣ ಲಾಡ್ಜು. ಆರು ಕೋಣೆ, ಒಂದು ಅಡುಗೆಮನೆ, ಬಚ್ಚಲಲ್ಲಿ ದೊಡ್ಡ ಹಂಡೆ. ಫೋನಿಗೆ ಒಂದು ಕಡ್ಡಿ ನೆಟ್‌ವರ್ಕ್ ಬೇಕಾದರೂ ಹಿಂದಿನ ದಿಬ್ಬ ಹತ್ತಬೇಕು. ಕೆಳಗೆ ಬರೆದದ್ದೆಲ್ಲ ಅಲ್ಲಿ ಕಲಿತದ್ದು. ಶರಾವತಿ ಹಿನ್ನೀರಿಗೋ ತುಂಗೆಯ ದಂಡೆಗೋ ಹೋದರೂ ಹೆಚ್ಚು ಕಡಿಮೆ ಇದೇ ಕಥೆ.

ಮೊದಲು ಮುಟ್ಟುವ ಆಸೆ ಬಿಡಿ

ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಬೇಜಾರು ಮಾಡಿಕೊಳ್ಳುತ್ತೀರಿ. ಕಾಡುಪ್ರಾಣಿಗಳ ಕೆಲಸ ಅಂದರೆ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುವುದಲ್ಲ. ಎಣಿಸುವುದು, ಬರೆಯುವುದು, ಸಾಮಾನು ಹೊರುವುದು, ಕಾಯುವುದು. ಅದರಲ್ಲೂ ಕಾಯುವುದೇ ಜಾಸ್ತಿ. ನನ್ನ ಮೊದಲ ಹತ್ತು ದಿನದಲ್ಲಿ ನನ್ನ ಮೈ ಮುಟ್ಟಿದ ಕಾಡುಜೀವಿ ಅಂದರೆ ರಕ್ತ ಹೀರುವ ಉಣುಗು (ಉಣ್ಣೆಹುಳ) ಒಂದೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಹಾವು ಹಿಡಿಯುವುದು, ಹಕ್ಕಿಮರಿ ಮನೆಗೆ ತರುವುದು, ಮೊಟ್ಟೆ ಎತ್ತಿಕೊಳ್ಳುವುದು ಇವೆಲ್ಲ ಅಪರಾಧ, ಪ್ರೀತಿಯಿಂದ ಮಾಡಿದೆ ಅಂದರೂ ನಡೆಯಲ್ಲ. ಗಾಯಗೊಂಡ ಪ್ರಾಣಿ ಕಂಡರೆ ದೂರ ನಿಂತು ಅರಣ್ಯ ಇಲಾಖೆಯ 1926 ನಂಬರಿಗೆ ಫೋನ್ ಮಾಡಿ, ಅಷ್ಟೆ.

ಒಂದು ಸಲ ನಾನೂ ಬೇಸ್ತು ಬಿದ್ದಿದ್ದೇನೆ. ಒಂದು ಕಡೆ, ಹೆಸರು ಬೇಡ, 'ಸ್ವಯಂಸೇವೆ' ಅಂತ ದುಡ್ಡು ಕಟ್ಟಿಸಿಕೊಂಡು ಮೂರು ದಿನ ಸರಪಳಿ ಹಾಕಿದ ಆನೆಯ ಮೈಮೇಲೆ ನೀರು ಎರಚಿಸಿ ಫೋಟೋ ತೆಗೆಸಿದರು. ಆನೆಗೆ ಅದರಿಂದ ಏನು ಲಾಭವಾಯಿತು ಅಂತ ಈವತ್ತಿಗೂ ಗೊತ್ತಿಲ್ಲ. ಈಗ ಯಾರೇ ಕರೆದರೂ ಒಂದೇ ಪ್ರಶ್ನೆ ಕೇಳುತ್ತೇನೆ: ನಾನು ಬರೆದ ಲೆಕ್ಕ ಯಾರ ಕೈಗೆ ಹೋಗುತ್ತೆ? ಇದಕ್ಕೆ ನೆಟ್ಟಗೆ ಉತ್ತರ ಬಂದರೆ ಹೋಗಬಹುದು. "ನೀವು ಬನ್ನಿ ಸರ್, ಎಂಜಾಯ್ ಮಾಡಿ" ಅಂದರೆ ಅದು ಪ್ರವಾಸ. ಪ್ರವಾಸ ತಪ್ಪಲ್ಲ, ಆದರೆ ಪ್ರವಾಸ ಅಂತಲೇ ದುಡ್ಡು ಕೊಡಿ. ಆನೆ ಹತ್ತಿರದಿಂದ ನೋಡಬೇಕು ಅಂತಿದ್ದರೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲು ಬಿಡಾರ ಇದೆಯಲ್ಲ, ಬೆಳಗ್ಗೆ ಹೋಗಿ ಟಿಕೆಟ್ ತಗೊಂಡು ತುಂಗೆಯಲ್ಲಿ ಸ್ನಾನ ನೋಡಿ ಬನ್ನಿ, ಮುಗೀತು.

ಯಾವ ತಿಂಗಳು, ಯಾವ ಕೆಲಸ

ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ. ನಮ್ಮ ಕಡೆ 1987ರಿಂದ ನಡೆದು ಬಂದದ್ದು. ಊರ ಕೆರೆಯಲ್ಲೇ ಶುರು ಮಾಡಬಹುದು, ಯಾವ ಲಾಡ್ಜೂ ಬೇಡ. ಫೆಬ್ರವರಿಯಿಂದ ಮೇ ತನಕ ಭದ್ರಾ ಹಿನ್ನೀರಿನಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುವ ಕಾಲ, ಪುಸ್ತಕದಲ್ಲಿ ಇದಕ್ಕೆ ರೀವ ಅಂತ ಹೆಸರು. ಮಳೆಗಾಲದಲ್ಲಿ ಮಂಡಗದ್ದೆ. ತುಂಗೆಯ ನಡುವಿನ ಸಣ್ಣ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಎದುರಿನ ದಡದಲ್ಲಿ ನಿಂತೇ ಎಣಿಸಬಹುದು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಮೊದಲು ಮಂಡಗದ್ದೆಯಲ್ಲಿ ಎರಡು ಬೆಳಗ್ಗೆ ನಿಂತು ನೋಡಿ. ಎರಡನೇ ದಿನ ಬೋರಾದರೆ ಹತ್ತು ದಿನದ ಯೋಚನೆ ಬಿಟ್ಟುಬಿಡಿ. ಸೊರಬದ ಹತ್ತಿರ ಗುಡವಿ ಪಕ್ಷಿಧಾಮವೂ ಇದೆ.

ದೊಡ್ಡ ಗಣತಿಗಳದ್ದು ಬೇರೆ ಲೆಕ್ಕ. ಹುಲಿ ಗಣತಿ ನಾಲ್ಕು ವರ್ಷಕ್ಕೊಮ್ಮೆ. ಆನೆ ಗಣತಿ ಕರ್ನಾಟಕದಲ್ಲಿ 2017ರಲ್ಲಿ ಆಯ್ತು, ಆಮೇಲೆ 2023ರ ಮೇ ತಿಂಗಳಲ್ಲಿ ಮೂರು ದಿನ: ಮೊದಲ ದಿನ ಬ್ಲಾಕ್ ಅಂತ ಗುರುತಿಸಿದ ಕಾಡಿನ ತುಂಡಿನಲ್ಲಿ ಕಣ್ಣಿಗೆ ಬಿದ್ದ ಆನೆಗಳ ಎಣಿಕೆ, ಎರಡನೇ ದಿನ ಗೆರೆ ಹಿಡಿದು ನಡೆದು ಲದ್ದಿ ಎಣಿಕೆ, ಮೂರನೇ ದಿನ ನೀರಿನ ಹೊಂಡದ ಹತ್ತಿರ ಕೂತು ಎಣಿಕೆ. ರಾಜ್ಯದಲ್ಲಿ ಅಂದಾಜು 6,395 ಆನೆ ಅಂತ ಬಂತಲ್ಲ, ಆ ಸಂಖ್ಯೆಯ ಹಿಂದೆ ಯಾರೋ ಬಿಸಿಲಲ್ಲಿ ಬಗ್ಗಿ ಬಗ್ಗಿ ಲದ್ದಿ ಎಣಿಸಿದ್ದಾರೆ. ಇಂಥ ಗಣತಿಗೆ ಇಲಾಖೆಯೇ ಸ್ವಯಂಸೇವಕರನ್ನು ಕರೆಯುವುದುಂಟು. ಕರೆದಾಗ ಬೇಗ ಅರ್ಜಿ ಹಾಕಿ, ಜಾಗ ಕಡಿಮೆ.

ಯಾರನ್ನು ಕೇಳಬೇಕು

ಭದ್ರಾ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ, ದೋಣಿ ಇಳಿಸುವ ಹಾಗಿಲ್ಲ, ಡ್ರೋನ್ ಅಂತೂ ಬೇಡವೇ ಬೇಡ. ಹಾಗಾಗಿ ಎರಡು ಕಡೆ ಕೇಳಬೇಕು. ಒಂದು, ವನ್ಯಜೀವಿ ವಿಭಾಗದ ಅಥವಾ ವಲಯ ಅರಣ್ಯಾಧಿಕಾರಿಗಳ ಕಚೇರಿ. ಇನ್ನೊಂದು, ನೀವು ಉಳಿಯುವ ಲಾಡ್ಜಿನವರು. ಯಾವ ಲಾಡ್ಜಿನಲ್ಲಿ ಪ್ರಾಣಿ ಪಕ್ಷಿ ಬಲ್ಲ ನ್ಯಾಚುರಲಿಸ್ಟ್ ಇರುತ್ತಾರೋ ಅಲ್ಲಿಗೇ ಹೋಗಿ.

ಕಾಗದ ಬರೆಯುವಾಗ 'ನನಗೆ ಚಿಕ್ಕಂದಿನಿಂದ ಕಾಡೆಂದರೆ ಪ್ರಾಣ' ಅಂತೆಲ್ಲ ಶುರು ಮಾಡಬೇಡಿ. ಆ ಮೇಜಿನ ಮೇಲೆ ಅಂಥ ಕಾಗದ ರಾಶಿ ಬಿದ್ದಿರುತ್ತವೆ. ಯಾವ ತಾರೀಖಿಂದ ಯಾವ ತಾರೀಖು ಬಿಡುವಿದೆ, ದಿನಕ್ಕೆ ಎಷ್ಟು ದೂರ ನಡೆಯಬಲ್ಲಿರಿ, ಈಜು ಬರುತ್ತದೋ ಇಲ್ಲವೋ, ಏನು ಕೆಲಸ ಗೊತ್ತು ಅಂತ ಬರೆಯಿರಿ. ಕಂಪ್ಯೂಟರಿನಲ್ಲಿ ಲೆಕ್ಕ ತುಂಬಿಸಲು ಬರುತ್ತದೆ ಅಂತ ಒಂದು ಸಾಲು ಸೇರಿಸಿ ನೋಡಿ. ನನ್ನನ್ನು ಒಪ್ಪಿಕೊಂಡದ್ದು ಹಕ್ಕಿ ಗೊತ್ತು ಅಂತಲ್ಲ, ಎಕ್ಸೆಲ್ ಗೊತ್ತು ಅಂತ.

ಉತ್ತರ ಬರದಿದ್ದರೆ ಹದಿನೈದು ದಿನ ಬಿಟ್ಟು ಖುದ್ದು ಹೋಗಿ. ಮಲೆನಾಡಲ್ಲಿ ಮುಖ ನೋಡಿದ ಮೇಲೆ ಆಗುವಷ್ಟು ಕೆಲಸ ಮೇಲ್‌ನಲ್ಲಿ ಆಗುವುದಿಲ್ಲ.

ಮಂಗನ ಕಾಯಿಲೆ ಬಗ್ಗೆ ಒಂದು ಮಾತು

ಇದನ್ನು ಓದದೆ ಮುಂದೆ ಹೋಗಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲಾಗಿ ಸತ್ತಾಗ ಪತ್ತೆಯಾದ ಕಾಯಿಲೆ ಇದು, ಅದಕ್ಕೇ ಜಗತ್ತೆಲ್ಲ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ ಕರೆಯುವುದು. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇ ತನಕ ಜಾಸ್ತಿ, ಅಂದರೆ ಸರಿಯಾಗಿ ನೀವು ಹೋಗುವ ಕಾಲ. ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ಒಣ ತರಗೆಲೆಯ ಮೇಲೆ ಕೂತಿದ್ದು ಕಾಲಿಗೆ ಹತ್ತಿಕೊಳ್ಳುತ್ತದೆ. ಕಚ್ಚಿದ್ದು ಗೊತ್ತೂ ಆಗುವುದಿಲ್ಲ.

ಏನು ಮಾಡಬೇಕು? ತುಂಬು ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ. ನೋಡಲು ಚೆಂದ ಕಾಣಲ್ಲ, ಇರಲಿ. ಉಣುಗು ಹತ್ತದಿರಲಿ ಅಂತ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೊರಡಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಮಂಚದ ಮೇಲೆ ಕೂತು ಆಮೇಲೆ ಸ್ನಾನ ಮಾಡುತ್ತೇನೆ ಅನ್ನಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಲಾಡ್ಜಿನವರಿಗೆ ಹೇಳಿ. ಊರಿಗೆ ಬಂದ ಮೇಲೆ ಒಂದೆರಡು ವಾರದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ 'ಮಲೆನಾಡಿನ ಕಾಡಿಗೆ ಹೋಗಿದ್ದೆ' ಅಂತ ಮೊದಲ ವಾಕ್ಯದಲ್ಲೇ ಹೇಳಿ. ಬೆಂಗಳೂರಿನ ಡಾಕ್ಟರಿಗೆ ತಾವಾಗಿಯೇ ಹೊಳೆಯಲಿ ಅಂತ ಕಾಯಬೇಡಿ.

ಮಳೆಗಾಲದಲ್ಲಿ ಹೋದರೆ ಉಣುಗಿನ ಬದಲು ಇಂಬಳ. ಅದಕ್ಕೆ ಹೆದರಬೇಕಿಲ್ಲ, ಕಾಯಿಲೆ ತರುವುದಿಲ್ಲ, ರಕ್ತ ಕುಡಿದು ತಾನೇ ಉದುರುತ್ತದೆ. ಸುಣ್ಣ, ಹೊಗೆಸೊಪ್ಪು ಏನು ಹಚ್ಚಿದರೂ ಒಂದಾದರೂ ಹತ್ತುತ್ತದೆ. ಹಾವಿನ ವಿಷಯಕ್ಕೆ ರಾತ್ರಿ ಟಾರ್ಚ್ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ, ಆಂಟಿವೆನಮ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಚೀಲ

ಮಣ್ಣಿನ ಬಣ್ಣದ ಎರಡು ಜೊತೆ ಬಟ್ಟೆ, ಟೋಪಿ, ಬೈನಾಕ್ಯುಲರ್ (ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ಸಾಕು, ದೊಡ್ಡದು ದೋಣಿಯಲ್ಲಿ ನಡುಗುತ್ತದೆ), ಟಾರ್ಚ್, ನೀರಿನ ಬಾಟಲಿ, ನಿಮ್ಮ ಮಾತ್ರೆಗಳು. ಸೆಂಟು, ಪರಿಮಳದ ಪೌಡರ್ ಮನೆಯಲ್ಲೇ ಇರಲಿ. ಪೆನ್ನು ಬೇಡ, ಪೆನ್ಸಿಲ್ ತನ್ನಿ. ನಾನು ಮೊದಲ ಸಲ ಜೆಲ್ ಪೆನ್ನಲ್ಲಿ ಬರೆದ ಮೂರು ದಿನದ ಲೆಕ್ಕ ದೋಣಿಯಲ್ಲಿ ಒಂದೇ ಅಲೆಗೆ ನೀಲಿ ನೀರಾಗಿ ಹೋಯಿತು. ಪೆನ್ಸಿಲ್ ಒಂದು ಡಜನ್ ತನ್ನಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹೋದ ದಿನ ಅಡುಗೆಮನೆಗೆ ಹೋಗಿ

ಸ್ನೇಹದ ವಿಷಯಕ್ಕೆ ಬರೋಣ. ಹೊಸಬರು ಮಾಡುವ ತಪ್ಪು ಒಂದೇ. ಬಂದವರೇ ಮ್ಯಾನೇಜರ್, ಸಾಹೇಬರು, ಕ್ಯಾಮೆರಾ ಇರುವ ಅತಿಥಿಗಳು, ಇವರ ಸುತ್ತ ಓಡಾಡುತ್ತಾರೆ. ಕಾಡು ಗೊತ್ತಿರುವುದು ದೋಣಿ ನಡೆಸುವವರಿಗೆ, ಇಲಾಖೆಯ ಪರವಾಗಿ ಕಾಡು ಕಾಯುವ ವಾಚರ್‌ಗಳಿಗೆ. ಅವರು ದಿನಕ್ಕೆ ಮೂರು ಸಲ ಬಂದು ಕೂರುವುದು ಅಡುಗೆಮನೆಯ ಕಟ್ಟೆಯ ಮೇಲೆ.

ನಾನು ಮೊದಲ ಸಂಜೆ ಊಟದ ಕೋಣೆಯಲ್ಲಿ ಒಬ್ಬನೇ ಕೂತಿದ್ದೆ. ಒಳಗೆ ನಗು ಕೇಳುತ್ತಿತ್ತು. ಎದ್ದು ಹೋದೆ. ತೀರ್ಥಹಳ್ಳಿ ಕಡೆಯ ಅಕ್ಕ ಒಬ್ಬರು ಮಾರನೆಯ ದಿನದ ಕಡುಬಿಗೆ ಅಕ್ಕಿತರಿ ಕೇರುತ್ತಿದ್ದರು. ಏನಾದ್ರೂ ಕೆಲಸ ಕೊಡಿ ಅಕ್ಕ ಅಂದೆ. ಕಾಯಿ ತುರಿಯಲು ಕೊಟ್ಟರು. ಈಳಿಗೆ ಮಣೆ ಮೇಲೆ ಕೂತು ನಾಲ್ಕು ಸಲ ತುರಿದಿದ್ದೆ, ಕರಟದ ಕಪ್ಪೆಲ್ಲ ತುರಿಯ ಜೊತೆ ಬಿತ್ತು. "ಎಂತ ಮಾರಾಯ್ರೆ, ಕಾಯಿ ತುರೀರಿ ಅಂದ್ರೆ ಕರಟ ತುರೀತೀರಲ್ಲ!" ಅಂದರು. ಕಟ್ಟೆ ಮೇಲಿದ್ದವರೆಲ್ಲ ನಕ್ಕರು. ಆವತ್ತಿನಿಂದ ನಾನು ಅವರ ಪೈಕಿ. ಹೆಚ್ಚೇನೂ ಬೇಡ, ಒಂದು ಸಲ ನಗೆಪಾಟಲಾಗಲು ತಯಾರಿದ್ದರೆ ಸಾಕು.

ಇನ್ನು ಕೆಲವು ಸಣ್ಣ ವಿಷಯ. ವಯಸ್ಸಾದವರಿಗೆ ಅಣ್ಣ, ಅಕ್ಕ ಅನ್ನಿ. 'ಏಯ್ ಡ್ರೈವರ್' ಅಂದವರ ಜೊತೆ ಇಲ್ಲಿ ಯಾರೂ ಎರಡನೇ ಸಲ ಮಾತಾಡುವುದಿಲ್ಲ. ಎಲೆ ಅಡಿಕೆ ತಟ್ಟೆ ನಿಮ್ಮ ಕಡೆ ಬಂದರೆ ಒಂದು ಚೂರು ಅಡಿಕೆಯಾದರೂ ತಗೊಳ್ಳಿ, ಆಗದಿದ್ದರೆ ತಟ್ಟೆ ಮುಟ್ಟಿ ಮುಂದೆ ಸರಿಸಿ. ಮಾತು ಶುರುವಾಗಬೇಕಿದ್ದರೆ ಹುಲಿ ಕೇಳಬೇಡಿ. ಹುಲಿ ಎಲ್ಲರೂ ಕೇಳುತ್ತಾರೆ. ಈ ವರ್ಷ ಅಡಿಕೆಗೆ ಕೊಳೆ ಬಂತಾ, ರೇಟು ಹೇಗಿದೆ ಅಂತ ಕೇಳಿ. ಅರ್ಧ ಗಂಟೆ ಅಡಿಕೆ ಆದ ಮೇಲೆ ಹುಲಿ ತಾನಾಗಿ ಬರುತ್ತದೆ.

ನಿಮ್ಮ ಜೊತೆ ಬಂದ ಬೇರೆ ಸ್ವಯಂಸೇವಕರ ಜೊತೆ ಸ್ನೇಹ ಕಷ್ಟವೇನಲ್ಲ, ನೆಟ್‌ವರ್ಕ್ ಇಲ್ಲದ ಕಡೆ ಮನುಷ್ಯರು ಮಾತಾಡಲೇಬೇಕಾಗುತ್ತದೆ. ಜಗಳ ಆಗುವುದು ಗೊರಕೆಗೆ, ಮತ್ತೆ ಹಂಡೆಯ ಬಿಸಿನೀರಿಗೆ. ಬಿಸಿನೀರು ತೋಡಿಕೊಂಡವರು ಅಷ್ಟೇ ತಣ್ಣೀರು ಹಂಡೆಗೆ ಹೊಯ್ದು, ಒಲೆಗೆ ಒಂದು ಕೊಳ್ಳಿ ಮುಂದೆ ನೂಕಿ ಬನ್ನಿ.

ದೋಣಿಯಲ್ಲಿ

ಭದ್ರಾ ಕಾಲುವೆಗೆ ಬೇಸಿಗೆ ಬೆಳೆಗೆ ನೀರು ಬಿಟ್ಟ ಹಾಗೆ ಜಲಾಶಯ ಇಳಿಯುತ್ತದೆ, ಮುಳುಗಿದ್ದ ದಿಬ್ಬಗಳು ಬೋಳು ತಲೆ ಎತ್ತುತ್ತವೆ. ಟರ್ನ್‌ಗಳಿಗೆ ಬೇಕಾಗಿರುವುದು ಅದೇ. ಮರ ಬೇಡ, ಗೂಡೂ ಬೇಡ. ಜಲ್ಲಿಯಂಥ ನೆಲದಲ್ಲಿ ಎದೆ ಉಜ್ಜಿ ಒಂದು ಸಣ್ಣ ಕುಳಿ ಮಾಡಿ ಎರಡು ಮೂರು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಂದು ಚುಕ್ಕೆ. ದೋಣಿಯಿಂದ ನೋಡಿದರೆ ಕಲ್ಲು ಯಾವುದು ಮೊಟ್ಟೆ ಯಾವುದು ಗೊತ್ತಾಗಲ್ಲ.

ಇಲಾಖೆಯವರ ಜೊತೆ ಬೆಳಗ್ಗೆ ಆರಕ್ಕೆ ಹೊರಡುತ್ತೀರಿ. ಲೈಫ್ ಜಾಕೆಟ್ ಕಡ್ಡಾಯ, ಈಜು ಬಂದರೂ. ದಿಬ್ಬದಿಂದ ಸಾಕಷ್ಟು ದೂರದಲ್ಲಿ ಎಂಜಿನ್ ನಿಲ್ಲಿಸುತ್ತಾರೆ. ಇನ್ನೊಂದು ಸ್ವಲ್ಪ ಹತ್ತಿರ ಹೋಗೋಣ ಅಂತ ನಿಮಗೆ ಅನ್ನಿಸಿಯೇ ಅನ್ನಿಸುತ್ತದೆ. ಹೇಳಬೇಡಿ. ಹಕ್ಕಿಗಳೆಲ್ಲ ಎದ್ದು ಹಾರಿದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಹದ್ದು ಕಾಗೆ ಕಾಯುತ್ತಾ ಇರುತ್ತವೆ. ಒಂದು ಫೋಟೋಗೆ ಒಂದು ದಿಬ್ಬದ ಮರಿಗಳೇ ಹೋಗಬಹುದು. ಈ ಹಕ್ಕಿ ಈಗಾಗಲೇ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟ) ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಿದ ಸಾಲಿಗೆ ಸೇರಿದೆ.

ದೂರದಿಂದಲೇ ನೋಡಬೇಕಾದ್ದು ತುಂಬಾ ಇದೆ. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಹತ್ತರ ಬಿಸಿಲಿಗೆ ಒಂದು ಟರ್ನ್ ನೀರಿಗೆ ಇಳಿಯಿತು. ಮೀನಿಗೆ ಅಂದುಕೊಂಡೆ. ಬರೀ ಹೊಟ್ಟೆ ಅದ್ದಿತು, ಹಳದಿ ಕೊಕ್ಕು ಒಣಗಿಯೇ ಇತ್ತು. ಹಾರಿ ಹೋಗಿ ಮೊಟ್ಟೆಯ ಮೇಲೆ ಕೂತು ಎದೆ ಅಲ್ಲಾಡಿಸಿತು. ಹನಿಗಳು ಹೊಳೆದವು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬಂತು, ಮತ್ತೆ ಅದ್ದಿತು. ಮೊಟ್ಟೆ ತಂಪು ಮಾಡುವ ಕೆಲಸ. ನಾನು ನೋಡುತ್ತಾ ಎಣಿಸುವುದನ್ನೇ ಮರೆತೆ, ಪಕ್ಕದ ಗಾರ್ಡ್ ಕೆಮ್ಮಿದರು.

ಎಣಿಸುವುದು ಹೇಗೆ ಅಂತ ಕಲಿಸಿದ್ದು ದೋಣಿ ಅಣ್ಣ. ಒಂದು, ಎರಡು, ಮೂರು ಅಂತ ನೂರಾರು ಹಕ್ಕಿ ಎಣಿಸಲು ಹೋಗಿ ಪ್ರತಿ ಸಲವೂ ಬೇರೆ ಲೆಕ್ಕ ಬರುತ್ತಿತ್ತು. ಅವರು ಹೇಳಿದರು: "ಚೇಣಿದಾರರು ತೋಟ ನೋಡ್ತಾರಲ್ಲ, ಹಾಗೆ ನೋಡಿ. ಒಂದೊಂದೇ ಅಡಿಕೆ ಎಣಿಸ್ತಾರಾ ಅವರು?" ಚೇಣಿದಾರರು ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರು. ನಿಜ. ಮೊದಲು ಹತ್ತು ಹಕ್ಕಿ ಸರಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಅಂತ ಕಣ್ಣಿಗೆ ಅಳತೆ ಮಾಡಿಕೊಳ್ಳಿ. ಆ ಅಳತೆಯನ್ನೇ ದಿಬ್ಬದ ಮೇಲೆ ಎಡದಿಂದ ಬಲಕ್ಕೆ ಇಡುತ್ತಾ ಹೋಗಿ. ಮೂರು ಸಲ ಮಾಡಿ, ಮೂರೂ ಬರೆಯಿರಿ. ಇಬ್ಬರು ಬೇರೆ ಬೇರೆ ಎಣಿಸಿ, ಮುಗಿಯುವ ತನಕ ಒಬ್ಬರಿಗೊಬ್ಬರು ಹೇಳಬೇಡಿ. ಲೆಕ್ಕ ಹೊಂದದಿದ್ದರೆ ಹೊಂದಲಿಲ್ಲ ಅಂತಲೇ ಬರೆಯಿರಿ, ಚೆಂದ ಕಾಣಲಿ ಅಂತ ತಿದ್ದಬೇಡಿ. ಗಾಳಿ, ಮೋಡ, ಸಮಯ, ನೀರಿನ ಮಟ್ಟ ಇವೂ ಬರಬೇಕು. ಹಕ್ಕಿ ಇಲ್ಲದ ದಿಬ್ಬಕ್ಕೆ ಸೊನ್ನೆ ಹಾಕಿ. ಆ ಸೊನ್ನೆಯನ್ನೇ ಹೊಸಬರು ಬಿಟ್ಟುಬಿಡುವುದು. ಮುಂದಿನ ವರ್ಷ ಅಲ್ಲಿ ಹಕ್ಕಿ ಬಂದರೆ ಹೊಸದಾಗಿ ಬಂತೋ ಹಳೆಯದೋ ಅಂತ ತಿಳಿಯುವುದೇ ಅದರಿಂದ.

ಕಾಟಿ (ಕಾಡುಕೋಣ), ನೀರುನಾಯಿ, ದಡದಲ್ಲಿ ಆನೆ ಎಲ್ಲ ದಾರಿಯಲ್ಲಿ ಸಿಗುತ್ತವೆ. ಸಿಕ್ಕರೆ ಬರೆದುಕೊಳ್ಳಿ, ಕೂಗಬೇಡಿ.

ಮಧ್ಯಾಹ್ನ, ಸಂಜೆ

ಮಧ್ಯಾಹ್ನ ಪೂರ್ತಿ ಖಾಲಿ. ಬೆಳಗಿನ ಲೆಕ್ಕವನ್ನು ಆವತ್ತೇ ಕಂಪ್ಯೂಟರಿಗೆ ಹಾಕಿ, ನಾಳೆ ಅಂದರೆ ನಿಮ್ಮ ಅಕ್ಷರ ನಿಮಗೇ ಓದಲು ಬರಲ್ಲ. ಆಮೇಲೆ ಮಲಗಿ. ಐದನೇ ದಿನದ ಹೊತ್ತಿಗೆ ಒಂದು ಥರ ಬೇಸರ ಬರುತ್ತದೆ, ಮನೆ ನೆನಪಾಗುತ್ತದೆ, ಇಲ್ಲಿಗೆ ಯಾಕೆ ಬಂದೆ ಅನ್ನಿಸುತ್ತದೆ. ಎಲ್ಲರಿಗೂ ಆಗುತ್ತದೆ. ದಿಬ್ಬ ಹತ್ತಿ ಮನೆಗೆ ಫೋನ್ ಮಾಡಿ ಬನ್ನಿ, ಏಳನೇ ದಿನಕ್ಕೆ ಹೋಗಿರುತ್ತದೆ.

ಸಂಜೆ ವಾಚರ್ ಕ್ವಾರ್ಟರ್ಸಿನ ಮಕ್ಕಳು ಆಡಲು ಬರುತ್ತಾರೆ. ಬೈನಾಕ್ಯುಲರ್ ಕೊಟ್ಟು ನೋಡಲು ಬಿಡಿ. ಹಕ್ಕಿ ಬರೆಯಲು ಕಾಗದ, ಪೆನ್ಸಿಲ್ ಕೊಡಿ. ಒಂದು ಡಜನ್ ಅಂದದ್ದು ಇದಕ್ಕೇ. ಚಾಕಲೇಟು ಹಂಚುವ ಬದಲು ಇದು ವಾಸಿ, ಮತ್ತೆ ಅವರ ಚಿತ್ರದಲ್ಲಿ ಟರ್ನ್‌ನ ಬಾಲ ನಿಮ್ಮ ಪುಸ್ತಕಕ್ಕಿಂತ ಸರಿಯಾಗಿರುತ್ತದೆ.

ಹೊರಡುವಾಗ

ದುಡ್ಡು ಕೊಡಬೇಕೋ ಬೇಡವೋ ಅಂತ ಎಲ್ಲರಿಗೂ ಗೊಂದಲ. ನನ್ನ ಅಭಿಪ್ರಾಯ: ಲಾಡ್ಜಿನ ಊಟ, ಕೋಣೆಯ ಬಾಡಿಗೆ ಸರಿಯಾಗಿ ಕೊಡಿ, ಸ್ವಯಂಸೇವಕ ಅಂತ ಚೌಕಾಶಿ ಮಾಡಬೇಡಿ. ಜೊತೆಗೆ ದುಡಿದವರಿಗೆ ಕೈಗೆ ನೋಟು ತುರುಕುವ ಬದಲು ಉಪಯೋಗದ ವಸ್ತು ಕೊಡಿ. ವಾಚರ್‌ಗೆ ಒಳ್ಳೆ ಟಾರ್ಚ್ ಕೊಟ್ಟರೆ ವರ್ಷವೆಲ್ಲ ನೆನಪಿಡುತ್ತಾರೆ. ಲೆಕ್ಕದ ಒಂದು ಪ್ರತಿ ಇಲಾಖೆಗೆ, ಒಂದು ಲಾಡ್ಜಿಗೆ, ಒಂದು ನಿಮಗೆ. ಗೂಡಿನ ಜಾಗ ಗುರುತು ಸಿಗುವಂಥ ಫೋಟೋ, ಲೊಕೇಶನ್ ಎಲ್ಲೂ ಹಾಕಬೇಡಿ, ಮುಂದಿನ ಶನಿವಾರ ಹತ್ತು ದೋಣಿ ಅಲ್ಲಿರುತ್ತವೆ.

ಮನುಷ್ಯರ ಫೋಟೋ ತೆಗೆದಿದ್ದರೆ ವಾಟ್ಸಾಪ್ ಸಾಲದು. ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ನಾನು ಕಳಿಸಿದ ಒಂದು ಫೋಟೋ, ಅಕ್ಕ ಕಡುಬಿನ ಪಾತ್ರೆಯ ಹಬೆಯ ಹಿಂದೆ ನಿಂತದ್ದು, ಅಡುಗೆಮನೆಯ ಗೋಡೆಯಲ್ಲಿ ದೇವರ ಪಟದ ಪಕ್ಕ ಇದೆಯಂತೆ.

ಹೋದ ಫೆಬ್ರವರಿಯಲ್ಲಿ ಬೆಳಗ್ಗೆ ಆರೂವರೆಗೆ ದೋಣಿ ಅಣ್ಣನ ಫೋನ್. ದಿಬ್ಬ ಹತ್ತಿ ಮಾಡಿದ್ದು, ಏದುಸಿರು ಕೇಳುತ್ತಿತ್ತು. "ನೀರು ಇಳಿದಿದೆ, ಹಕ್ಕಿ ಬಂದಾವೆ. ಯಾವಾಗ ಬರ್ತೀರಿ? ಪೆನ್ಸಿಲ್ ಜಾಸ್ತಿ ತನ್ನಿ, ಹೋದ ಸಲದ್ದೆಲ್ಲ ಮಕ್ಕಳು ಮುಗಿಸಿದ್ದಾರೆ."